ಕೆಡವುವ ಮುನ್ನ ದಾಖಲೆಯಾಗಲಿ: ಹಳೆ ಗಿರಣಿ, ಚಿಮಣಿಗಳ ಬಗ್ಗೆ ನಗರಾಡಳಿತಗಳಿಗೆ ಬಹಿರಂಗ ಪತ್ರ

ಮಾನ್ಯರೇ,

ಹಳೆ ಗಿರಣಿಯೊಂದನ್ನು ಕೆಡವಲು ಅರ್ಜಿ ಬಂದರೆ ಅದರ ಜೊತೆ ನಕ್ಷೆ ಇರುತ್ತದೆ, ಒಡೆತನದ ಕಾಗದವಿರುತ್ತದೆ, ಇಟ್ಟಿಗೆ ಮಣ್ಣು ಎಲ್ಲಿಗೆ ಸಾಗುತ್ತದೆ ಎಂಬ ವಿವರ ಇರುತ್ತದೆ. ಫೋಟೊ ಇದ್ದರೆ ಗೇಟಿನ ಎದುರು ನಿಂತು ಮೊಬೈಲಿನಲ್ಲಿ ತೆಗೆದದ್ದು ಒಂದೋ ಎರಡೋ. ಆಮೇಲೆ ಚಿಮಣಿ ಬೀಳುವ ದಿನ ಊರೇ ನೆರೆಯುತ್ತದೆ. ಅದು ಉರುಳುವ ಹತ್ತು ಸೆಕೆಂಡಿನ ವಿಡಿಯೊ ನೂರಾರು ಜನರ ಫೋನಿನಲ್ಲಿ ಉಳಿಯುತ್ತದೆ. ನೂರು ವರ್ಷ ಅದು ಹೇಗೆ ನಿಂತಿತ್ತು, ಬುಡ ಎಷ್ಟು ದಪ್ಪವಿತ್ತು, ಬಾಯ್ಲರ್ ಮನೆಗೂ ಅದಕ್ಕೂ ನಂಟು ಎಲ್ಲಿತ್ತು, ಯಾವ ಬೀದಿಯಿಂದ ನೋಡಿದರೆ ಎಷ್ಟು ಕಾಣುತ್ತಿತ್ತು ಎಂದು ಕೇಳಿದರೆ ತೋರಿಸಲು ಒಂದು ಚಿತ್ರವೂ ಸಿಗುವುದಿಲ್ಲ.

ನಮ್ಮ ಕೋರಿಕೆ ಒಂದೇ. ಕೆಡವುವ ಪರವಾನಗಿಗೆ ಅಳತೆಬದ್ಧ ಛಾಯಾಚಿತ್ರ ದಾಖಲೆಯನ್ನು ಷರತ್ತು ಮಾಡಿ. ಆ ದಾಖಲೆ ಸಾರ್ವಜನಿಕ ಗ್ರಂಥಾಲಯವನ್ನೋ ಪತ್ರಾಗಾರವನ್ನೋ ತಲುಪಿದ ಮೇಲೆಯೇ ಮೊದಲ ಇಟ್ಟಿಗೆ ಕೆಳಗಿಳಿಯಲಿ. ಎಲ್ಲ ಕಟ್ಟಡವನ್ನೂ ಉಳಿಸಿ ಎಂದು ಈ ಪತ್ರದಲ್ಲಿ ಕೇಳುತ್ತಿಲ್ಲ. ಉಳಿಸಲಾಗದ್ದನ್ನು ಕಣ್ಣಿಗೆ ಕಾಣುವಂತೆ ಬಿಟ್ಟುಹೋಗಿ ಎನ್ನುತ್ತಿದ್ದೇವೆ.

ಇದು ಹೊಸ ಬೇಡಿಕೆಯೂ ಅಲ್ಲ. ಕೈಗಾರಿಕಾ ಪರಂಪರೆಯ ಅಂತರರಾಷ್ಟ್ರೀಯ ಸಮಿತಿಯು 2003ರಲ್ಲಿ ರಷ್ಯಾದ ನಿಜ್ನಿ ತಗಿಲ್‌ನಲ್ಲಿ ಒಪ್ಪಿದ ಸನ್ನದು, ಯಾವುದೇ ಬದಲಾವಣೆಗೆ ಕೈ ಹಾಕುವ ಮೊದಲು ಸ್ಥಳದ ಪೂರ್ಣ ದಾಖಲೆ ಮಾಡಿ ಸಾರ್ವಜನಿಕ ಪತ್ರಾಗಾರದಲ್ಲಿ ಇಡಬೇಕು ಎನ್ನುತ್ತದೆ. ಅಮೆರಿಕದಲ್ಲಿ ಎಂಜಿನಿಯರಿಂಗ್ ಪರಂಪರೆಯ ದಾಖಲಾತಿಗೆಂದೇ ಒಂದು ಸರ್ಕಾರಿ ಯೋಜನೆ 1969ರಲ್ಲೇ ಶುರುವಾಯಿತು. ಅದೇ ವರ್ಷ ಜರ್ಮನಿಯ ಡಾರ್ಟ್‌ಮುಂಡ್‌ನ ಝೋಲರ್ನ್ ಕಲ್ಲಿದ್ದಲು ಗಣಿಯ ಯಂತ್ರಶಾಲೆ ನೆಲಸಮವಾಗುವುದರಿಂದ ಪಾರಾಗಿ ರಕ್ಷಿತ ಸ್ಮಾರಕವಾಯಿತು. ಉಳಿಸಿ ಎಂದು ದನಿಯೆತ್ತಿದವರಲ್ಲಿ ಛಾಯಾಗ್ರಾಹಕರಾದ ಬರ್ನ್ಡ್ ಬೆಕರ್ ಮತ್ತು ಹಿಲ್ಲಾ ಬೆಕರ್ ದಂಪತಿಯೂ ಇದ್ದರು. ಅವರು 1959ರಿಂದ ನೀರಿನ ಗೋಪುರ, ಊದುಕುಲುಮೆ, ಗಣಿಯ ಗಾಲಿಗೋಪುರಗಳನ್ನು ಮೋಡದ ಬೆಳಕಿನಲ್ಲಿ, ನೇರ ಎದುರಿನಿಂದ, ದೊಡ್ಡ ಫಿಲ್ಮಿನ ಕ್ಯಾಮೆರಾದಲ್ಲಿ ಸೆರೆಹಿಡಿಯುತ್ತಾ ಹೋದವರು. ಅವುಗಳಲ್ಲಿ ಎಷ್ಟೋ ಕಟ್ಟಡಗಳು ಈಗ ಇಲ್ಲ, ಚಿತ್ರಗಳು ಇವೆ.

ತಡ ಮಾಡಿದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. ಲಂಡನ್ನಿನ ಗ್ರೇಟ್ ವೆಸ್ಟ್ ರಸ್ತೆಯಲ್ಲಿದ್ದ ಹೆಸರಾಂತ ಟೈರ್ ಕಾರ್ಖಾನೆಯ ಮುಂಭಾಗವನ್ನು 1980ರ ಆಗಸ್ಟ್‌ನಲ್ಲಿ, ರಕ್ಷಣೆಯ ಆದೇಶ ಜಾರಿಗೆ ಬರುವ ಹೊಸ್ತಿಲಲ್ಲಿ, ರಜೆಯ ವಾರಾಂತ್ಯ ನೋಡಿ ಕೆಡವಲಾಯಿತು. ಆದೇಶ ಬಂದ ಮೇಲೆ ನೋಡೋಣ ಎಂದು ಕೂತರೆ ಕ್ಯಾಮೆರಾ ಹೊತ್ತು ಹೋಗುವಷ್ಟರಲ್ಲಿ ನೆಲ ಸಮತಟ್ಟಾಗಿರುತ್ತದೆ.

ಇನ್ನು ದಾಖಲೆ ಎಂದರೆ ಏನು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಷರತ್ತಿನಲ್ಲಿ "ಫೋಟೊ ತೆಗೆಯತಕ್ಕದ್ದು" ಎಂದಷ್ಟೇ ಬರೆದರೆ ಮತ್ತೆ ಗೇಟಿನ ಮುಂದಿನ ಎರಡು ಮೊಬೈಲ್ ಚಿತ್ರಗಳೇ ಬರುತ್ತವೆ.

ಮೊದಲು ಊರಿನ ಚಿತ್ರ. ಚಿಮಣಿ ಒಂಟಿ ಕಂಬವಲ್ಲ. ಕಾರ್ಮಿಕರ ಸಾಲುಮನೆ, ಕಾಲುವೆ, ರೈಲುಹಳಿ, ಗಿರಣಿಯ ಗೇಟಿಗೆ ನೇರವಾಗಿ ಬರುವ ಬೀದಿ, ಇವೆಲ್ಲ ಸೇರಿದರೇ ಅದಕ್ಕೆ ಅರ್ಥ. ಇಂಗ್ಲೆಂಡಿನ ಸಾಲ್ಟೇರ್‌ನಲ್ಲಿ 1853ರಲ್ಲಿ ತೆರೆದ ಗಿರಣಿಯನ್ನಷ್ಟೇ ಅಲ್ಲದೆ, ಅದರ ಸುತ್ತಲಿನ ಇಡೀ ಕಾರ್ಮಿಕರ ಊರನ್ನು ಯುನೆಸ್ಕೊ 2001ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಈ ಕಾರಣಕ್ಕೇ. ಆದ್ದರಿಂದ ನಕ್ಷೆಯ ಮೇಲೆ ಚಿಮಣಿಯಿಂದ ಎಂಟು ದಿಕ್ಕಿಗೆ ಗೆರೆ ಎಳೆದು, ಪ್ರತಿ ಗೆರೆಯ ಮೇಲೂ ಹತ್ತಿರದ, ನಡುವಿನ, ದೂರದ ಒಂದೊಂದು ತಾಣ ಗುರುತಿಸಬೇಕು. ಹತ್ತಿರದವು ಕಾಂಪೌಂಡ್ ಗೋಡೆಯ ಪಕ್ಕ, ನಡುವಿನವು ಬೀದಿಯ ತಿರುವು ಮತ್ತು ಸೇತುವೆ, ದೂರದವು ಗುಡ್ಡ ಅಥವಾ ಎತ್ತರದ ಮಾಳಿಗೆ. ದೂರದಿಂದ 135ರಿಂದ 200 ಮಿ.ಮೀ. ಲೆನ್ಸಿನಲ್ಲಿ ತೆಗೆದರೆ ಸಾಲುಮನೆಗಳ ಸೂರುಗಳು ಒಂದರ ಹಿಂದೊಂದು ಒತ್ತಿಕೊಂಡು, ಅವುಗಳ ಮೇಲೆ ಚಿಮಣಿ ಎದ್ದು ನಿಂತದ್ದು ಕಾಣುತ್ತದೆ. ಇದು ಲೆನ್ಸಿನ ಗುಣವಲ್ಲ, ನಿಂತ ದೂರದ ಗುಣ. ತಾಣ ಮೊದಲು, ಲೆನ್ಸ್ ಆಮೇಲೆ. ಮರಗಳು ಎಲೆ ಉದುರಿಸುವ ಕಡೆ ಎಲೆ ಉದುರಿದ ಕಾಲಕ್ಕೇ ಹೋಗಬೇಕು, ಇಲ್ಲವಾದರೆ ಅರ್ಧ ಗಿರಣಿ ಸೊಪ್ಪಿನ ಹಿಂದೆ ಉಳಿಯುತ್ತದೆ.

ಹತ್ತಿರದ ಚಿತ್ರಗಳಲ್ಲಿ ಆಗುವ ದೊಡ್ಡ ತಪ್ಪು ಕ್ಯಾಮೆರಾವನ್ನು ಮೇಲಕ್ಕೆ ಎತ್ತುವುದು. ಹಾಗೆ ಎತ್ತಿದ ಕೂಡಲೇ ಚಿಮಣಿ ಹಿಂದಕ್ಕೆ ಬೀಳುತ್ತಿರುವಂತೆ ಕಾಣುತ್ತದೆ. ಎತ್ತದೆ ಪೂರ್ತಿ ಚಿಮಣಿ ಹಿಡಿಯಲು ಎಷ್ಟು ದೂರ ಬೇಕು ಎಂಬುದು ಸರಳ ಲೆಕ್ಕ. ಪೂರ್ಣ ಅಳತೆಯ ಸೆನ್ಸರ್ ಇರುವ ಕ್ಯಾಮೆರಾವನ್ನು ಉದ್ದಕ್ಕೆ ಹಿಡಿದರೆ ಚಿತ್ರದ ಎತ್ತರ 36 ಮಿ.ಮೀ., ನಡುವಿನಿಂದ ಮೇಲಕ್ಕೆ 18. ಅದನ್ನು ಲೆನ್ಸಿನ ನಾಭಿದೂರದಿಂದ, ಅಂದರೆ ಲೆನ್ಸಿನ ಹೆಸರಿನಲ್ಲಿರುವ ಮಿ.ಮೀ. ಸಂಖ್ಯೆಯಿಂದ, ಭಾಗಿಸಿ. 24 ಮಿ.ಮೀ. ಲೆನ್ಸಿಗೆ 0.75 ಬರುತ್ತದೆ, ಅಂದರೆ ನಿಂತ ದೂರದ ಮುಕ್ಕಾಲರಷ್ಟು ಎತ್ತರ ಸಿಗುತ್ತದೆ. 50 ಮೀಟರ್ ಚಿಮಣಿಗೆ, ಕ್ಯಾಮೆರಾ ನೆಲದಿಂದ ಒಂದೂವರೆ ಮೀಟರ್ ಮೇಲಿದ್ದರೆ, ಸುಮಾರು 65 ಮೀಟರ್ ಹಿಂದೆ ಸರಿಯಬೇಕು. 50 ಮಿ.ಮೀ. ಲೆನ್ಸಾದರೆ 135 ಮೀಟರ್. 12 ಮಿ.ಮೀ. ಮೇಲಕ್ಕೆ ಸರಿಸಬಲ್ಲ 24ರ ಶಿಫ್ಟ್ ಲೆನ್ಸ್ ಇದ್ದರೆ 39 ಮೀಟರ್ ಸಾಕು. ಈ ಲೆಕ್ಕವನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಗುತ್ತಿಗೆದಾರರ ತಗಡಿನ ಬೇಲಿ ಬಿದ್ದ ಮೇಲೆ ಹಿಂದೆ ಸರಿಯಲು ಜಾಗವೇ ಉಳಿಯುವುದಿಲ್ಲ. ಬೇಲಿಗೆ ಮುಂಚೆ ನಮಗೆ ಅಂಗಳ ಬೇಕು.

"ಎತ್ತಿಯೇ ತೆಗೆಯಿರಿ, ಆಮೇಲೆ ಕಂಪ್ಯೂಟರಿನಲ್ಲಿ ನೆಟ್ಟಗೆ ಮಾಡಿದರಾಯಿತು" ಎನ್ನುವವರಿದ್ದಾರೆ. ಚಿಮಣಿಯ ವಿಷಯದಲ್ಲಿ ಇದು ದಾಖಲೆಯನ್ನೇ ಕೆಡಿಸುತ್ತದೆ. ಚಿಮಣಿ ಬುಡದಿಂದ ತುದಿಗೆ ಹೋಗುತ್ತಾ ನಿಜವಾಗಿಯೂ ಸಣ್ಣದಾಗುತ್ತದೆ. ಅದರ ಎರಡು ಅಂಚುಗಳನ್ನು ಸಮಾನಾಂತರ ಗೆರೆ ಎಂದುಕೊಂಡು ತಂತ್ರಾಂಶ ಎಳೆದರೆ ಇಳಿಜಾರು ಮಾಯವಾಗುತ್ತದೆ, ಪಕ್ಕದ ಕಟ್ಟಡಗಳು ಹೊರಕ್ಕೆ ಬಾಗುತ್ತವೆ. ಇನ್ನೂ ಕೆಟ್ಟದ್ದು, ಚಿಮಣಿ ನಿಜಕ್ಕೂ ವಾಲಿದ್ದರೆ ಆ ವಾಲುವಿಕೆಯೂ ಅಳಿಸಿಹೋಗುತ್ತದೆ.

ಆ ವಾಲುವಿಕೆ ಚಿಮಣಿಯ ಆರೋಗ್ಯದ ಮಾತು. ಕಲ್ಲಿದ್ದಲಿನ ಹೊಗೆಯಲ್ಲಿ ಗಂಧಕವಿರುತ್ತದೆ. ಹೊಗೆ ತಣಿದಾಗ ಅದು ಒಳಗೋಡೆಯ ಮೇಲೆ ತೇವವಾಗಿ ಕೂತು ಗಾರೆಗೆ ಇಳಿಯುತ್ತದೆ. ಹೊರಗಿನಿಂದ ಮಳೆಗಾಳಿ ಒಂದೇ ದಿಕ್ಕಿನಿಂದ ಹೆಚ್ಚು ಹೊಡೆದರೆ ಆ ಕಡೆಯ ಗಾರೆ ಸದಾ ಒದ್ದೆಯಾಗಿದ್ದು, ಗಂಧಕದ ಲವಣಗಳೊಂದಿಗೆ ಸೇರಿ ಉಬ್ಬುತ್ತದೆ. ಒಂದು ಮಗ್ಗುಲು ಉದ್ದವಾಗುತ್ತದೆ, ಇನ್ನೊಂದು ಮೊದಲಿದ್ದಂತೆಯೇ ಇರುತ್ತದೆ. ಹಾಗಾಗಿ ಚಿಮಣಿ ಮಳೆ ಹೊಡೆಯುವ ಕಡೆಗೆ ಬೆನ್ನು ಹಾಕಿ ಎದುರು ದಿಕ್ಕಿಗೆ ಬಾಗುತ್ತದೆ. ತಳಪಾಯ ಕುಸಿದಾಗ ಆಗುವುದು ಬೇರೆ. ಆಗ ಬುಡದಿಂದಲೇ ನೇರ ಗೆರೆಯಾಗಿ ವಾಲುತ್ತದೆ. ಬಿಲ್ಲಿನಂತೆ ಬಾಗಿದೆಯೋ, ಕೋಲಿನಂತೆ ವಾಲಿದೆಯೋ ಎಂಬುದನ್ನು ಸರಿಯಾಗಿ ತೆಗೆದ ಚಿತ್ರ ಹೇಳಬಲ್ಲದು. ಅದು ನಿಮ್ಮ ಎಂಜಿನಿಯರುಗಳಿಗೂ ಬೇಕಾದ ಮಾಹಿತಿ. "ಅಪಾಯಕಾರಿ" ಎಂಬ ಒಂದೇ ಪದದ ವರದಿಗಿಂತ ಅದಕ್ಕೆ ತೂಕ ಹೆಚ್ಚು.

ತೆಗೆಯುವ ವಿಧಾನ ಹೀಗೆ. ಟ್ರೈಪಾಡಿನ ಮೇಲೆ ಕ್ಯಾಮೆರಾ ಇಟ್ಟು ರಸಮಟ್ಟ ನೋಡಿ ಸಮ ಮಾಡಬೇಕು. ಚಿಮಣಿ ಚೌಕಟ್ಟಿನ ನಟ್ಟನಡುವೆ ಇರಬೇಕು, ಅಂಚಿಗೆ ಹೋದರೆ ಲೆನ್ಸೇ ಗೆರೆಯನ್ನು ಬಗ್ಗಿಸುತ್ತದೆ. ಕ್ಯಾಮೆರಾದಿಂದ 5 ಮೀಟರ್ ಮುಂದೆ ಮೂರೂವರೆ ಮೀಟರಿನ ಗಳದಿಂದ ಕಪ್ಪು ದಾರದಲ್ಲಿ ತೂಗುಗುಂಡು ಇಳಿಬಿಡಬೇಕು, ದಾರ ಚಿಮಣಿಯ ಪಕ್ಕದಲ್ಲೇ ಕಾಣುವಂತೆ. ಗಾಳಿಗೆ ಅಲುಗಾಡದಿರಲು ಗುಂಡನ್ನು ನೀರು ತುಂಬಿದ ಬಕೆಟ್ಟಿನಲ್ಲಿ ಮುಳುಗಿಸಿದರೆ ಸಾಕು, ಗಾರೆ ಕೆಲಸದವರು ಮಾಡುವುದೂ ಇದನ್ನೇ. 50 ಮಿ.ಮೀ. ಲೆನ್ಸಿನಲ್ಲಿ ಬೆಳಕಿನ ಕಿಂಡಿಯನ್ನು ಎಫ್ 11ಕ್ಕೆ ಇಟ್ಟು ಏಳೆಂಟು ಮೀಟರಿಗೆ ಫೋಕಸ್ ಮಾಡಿದರೆ ದಾರವೂ ಚಿಮಣಿಯೂ ಎರಡೂ ಸ್ಪಷ್ಟ. ಇಷ್ಟಾದ ಮೇಲೆ 90 ಡಿಗ್ರಿ ಸರಿದು ಇನ್ನೊಂದು ಬದಿಯಿಂದ ಅದೇ ಕೆಲಸ ಮತ್ತೆ ಮಾಡಬೇಕು. ಒಂದೇ ಕಡೆಯಿಂದ ತೆಗೆದರೆ ನಮ್ಮ ಕಡೆಗೆ ವಾಲಿದ ಚಿಮಣಿ ಚಿತ್ರದಲ್ಲಿ ನೆಟ್ಟಗೇ ಕಾಣುತ್ತದೆ.

ಎತ್ತರ ತಿಳಿಯಲು ಏಣಿ ಬೇಡ. ಬುಡದಲ್ಲಿ ಹತ್ತು ವರಸೆ ಇಟ್ಟಿಗೆಯ ಎತ್ತರವನ್ನು, ಗಾರೆಯ ಸಂದೂ ಸೇರಿಸಿ, ಟೇಪಿನಿಂದ ಅಳೆಯಿರಿ. 78 ಸೆಂ.ಮೀ. ಬಂತು ಎನ್ನೋಣ, ಆಗ ಒಂದು ವರಸೆಗೆ 7.8. ಉದ್ದ ಲೆನ್ಸಿನಲ್ಲಿ ತುಂಡು ತುಂಡಾಗಿ ತೆಗೆದ ಚಿತ್ರಗಳಲ್ಲಿ ವರಸೆಗಳನ್ನು ಎಣಿಸಿ 560 ಸಿಕ್ಕಿದರೆ ಎತ್ತರ 43.7 ಮೀಟರ್. ತಾಳೆ ನೋಡಲು 60 ಮೀಟರ್ ದೂರದಿಂದ ತುದಿಯ ಕೋನ ಅಳೆಯಿರಿ. 35 ಡಿಗ್ರಿ ಬಂದರೆ 42 ಮೀಟರ್, ಅದಕ್ಕೆ ಕಣ್ಣಿನ ಎತ್ತರ ಒಂದೂವರೆ ಸೇರಿಸಿದರೆ 43.5. ಎರಡೂ ಹತ್ತಿರ ಬಂದವು, ಲೆಕ್ಕ ನಂಬಬಹುದು. ಎಷ್ಟೋ ಜನ ಎಡವುವುದು ಆ 60 ಮೀಟರಿನಲ್ಲಿ. ಅದನ್ನು ಚಿಮಣಿಯ ಗೋಡೆಯವರೆಗೆ ಅಳೆದರೆ ಆಗದು, ನಡುವಿನವರೆಗೆ ಅಳೆಯಬೇಕು. ಬುಡದ ಅಡ್ಡಳತೆ 4 ಮೀಟರ್ ಇದ್ದು, ಅದರ ಅರ್ಧ ಸೇರಿಸಲು ಮರೆತರೆ ಎತ್ತರದಲ್ಲಿ 1.4 ಮೀಟರ್ ಕಳೆದುಹೋಗುತ್ತದೆ. ಎಣಿಸುವಾಗಲೇ ಕಬ್ಬಿಣದ ಪಟ್ಟಿಗಳು ಎಷ್ಟನೇ ವರಸೆಯಲ್ಲಿವೆ, ಇಟ್ಟಿಗೆಯ ಬಣ್ಣ ಎಲ್ಲಿ ಬದಲಾಗಿದೆ ಎಂಬುದನ್ನೂ ಬರೆದುಕೊಳ್ಳಿ. ತುದಿಯ ಬಳಿ ಹೊಸ ಇಟ್ಟಿಗೆ ಕಂಡರೆ ಕಿರೀಟವನ್ನು ಇಳಿಸಿ ಮತ್ತೆ ಕಟ್ಟಿರಬಹುದು, ಅಥವಾ ಎತ್ತರವನ್ನೇ ತಗ್ಗಿಸಿರಬಹುದು.

ಬೆಳಕಿನ ವಿಷಯಕ್ಕೆ, ನಮಗೆ ಮೋಡದ ಎರಡು ದಿನ ಮತ್ತು ಬಿಸಿಲಿನ ಒಂದು ದಿನ ಬೇಕು. ಮೋಡದ ಬೆಳಕಿನಲ್ಲಿ ನಾಲ್ಕೂ ಗೋಡೆ ಒಂದೇ ಸಮ ಕಾಣುತ್ತವೆ, ನೆರಳು ಏನನ್ನೂ ನುಂಗುವುದಿಲ್ಲ. ಆದರೆ ಬಿಳಿ ಆಕಾಶಕ್ಕೆ ಕ್ಯಾಮೆರಾದ ಮೀಟರ್ ಮೋಸಹೋಗಿ, ಮಸಿ ಹಿಡಿದ ಚಿಮಣಿ ಕಪ್ಪು ಕಡ್ಡಿಯಾಗಿಬಿಡುತ್ತದೆ. ಒಂದರಿಂದ ಒಂದೂಕಾಲು ಸ್ಟಾಪ್ ಬೆಳಕು ಹೆಚ್ಚು ಕೊಟ್ಟು (ಒಂದು ಸ್ಟಾಪ್ ಎಂದರೆ ಎರಡರಷ್ಟು ಬೆಳಕು), ಸೆನ್ಸರ್ ಕಂಡದ್ದನ್ನು ಸಂಸ್ಕರಿಸದೆ ಉಳಿಸುವ ರಾ ಕಡತದಲ್ಲಿ, ಐಎಸ್‌ಒ 100ರಲ್ಲಿ, ಎಫ್ 8ರಿಂದ 11ರೊಳಗೆ ತೆಗೆಯಬೇಕು. ಎಫ್ 22ಕ್ಕೆ ಹೋದರೆ ಎಲ್ಲ ಸ್ಪಷ್ಟವಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಅಷ್ಟು ಸಣ್ಣ ಕಿಂಡಿಯಲ್ಲಿ ಬೆಳಕು ಚದುರಿ ಇಟ್ಟಿಗೆಯ ಸಂದುಗಳೇ ಮಸುಕಾಗುತ್ತವೆ. ಬಿಸಿಲಿನ ದಿನ ಬೇಕಾಗುವುದು ಕೆತ್ತಿದ ಅಕ್ಷರ, ಇಸವಿಯ ಕಲ್ಲುಗಳಿಗೆ. ಸೂರ್ಯ ಗೋಡೆಯನ್ನು ಸವರಿಕೊಂಡು ಹೋಗುವ ಕೆಲವೇ ನಿಮಿಷಗಳಲ್ಲಿ ಸವೆದ ಅಕ್ಷರಕ್ಕೂ ನೆರಳು ಬರುತ್ತದೆ. ಬಣ್ಣದಲ್ಲಿ ಬರೆದ ಹಳೆ ಹೆಸರುಗಳದ್ದು ತದ್ವಿರುದ್ಧ. ಮಳೆ ನಿಂತ ಮೇಲೆ ಗೋಡೆ ಇನ್ನೂ ಒದ್ದೆ ಇರುವಾಗ ಅವು ಎದ್ದು ಕಾಣುತ್ತವೆ. ಗೋಡೆ ತೊಳೆಸುವ ಯೋಚನೆ ಇದ್ದರೆ ದಯವಿಟ್ಟು ಮೊದಲು ಚಿತ್ರ ತೆಗೆಯಲು ಬಿಡಿ. ಮಸಿಯೂ ಒಂದು ದಾಖಲೆಯೇ.

ಕಟ್ಟಡವನ್ನು ನಾಲ್ಕು ಮೂಲೆಗಳಿಂದ, ಪ್ರತಿ ಚಿತ್ರದಲ್ಲೂ ಎರಡು ಗೋಡೆ ಕಾಣುವಂತೆ ತೆಗೆದು, ಆಮೇಲೆ ಪ್ರತಿ ಗೋಡೆಯನ್ನೂ ನೇರ ಎದುರಿನಿಂದ, ಎರಡು ಮೀಟರಿನ ಕೆಂಪು ಬಿಳಿ ಅಳತೆಕೋಲು ಇಟ್ಟು ತೆಗೆಯಬೇಕು. ವಿವರಗಳಲ್ಲಿ ಏನೇನು ಬಿಡಬಾರದು ಎಂಬುದಕ್ಕೆ ಗಿರಣಿ ಓಡುತ್ತಿದ್ದ ಬಗೆ ತಿಳಿದಿರಬೇಕು. ಎತ್ತರದ ಕಮಾನು ಕಿಟಕಿ ಇದ್ದರೆ ಅದು ಎಂಜಿನ್ ಮನೆ. ಅದರ ಪಕ್ಕದಲ್ಲಿ ತಳದಿಂದ ಮೇಲಿನ ಮಹಡಿವರೆಗೆ ಒಂದೇ ಆಗಿರುವ ಕಿರಿದಾದ ಕೋಣೆ ಇದ್ದರೆ, ದೊಡ್ಡ ಚಕ್ರದಿಂದ ಪ್ರತಿ ಮಹಡಿಗೂ ಹಗ್ಗಗಳ ಮೂಲಕ ಶಕ್ತಿ ಹೋಗುತ್ತಿದ್ದದ್ದು ಅಲ್ಲಿಂದ. ಗರಗಸದ ಹಲ್ಲಿನಂಥ ಸೂರಿನ ಒಂದಂತಸ್ತಿನ ಕಟ್ಟಡ ನೇಯ್ಗೆಯದು. ಮಗ್ಗಗಳ ಅದುರು ಮಹಡಿಗೆ ಒಳ್ಳೆಯದಲ್ಲವೆಂದು ಅವನ್ನು ನೆಲದ ಮೇಲೇ ಇಟ್ಟರು. ಉತ್ತರ ಗೋಳಾರ್ಧದಲ್ಲಿ ಆ ಹಲ್ಲುಗಳ ಗಾಜು ಉತ್ತರಕ್ಕೆ ಮುಖ ಮಾಡಿರುತ್ತದೆ, ನೇರ ಬಿಸಿಲು ಬೀಳದೆ ದಿನವಿಡೀ ಸಮ ಬೆಳಕು ಸಿಗಲೆಂದು. ಹೊರಗೋಡೆಯ ಮೇಲಿನ ದುಂಡನೆಯ ಕಬ್ಬಿಣದ ಬಿಲ್ಲೆಗಳು ಅಲಂಕಾರವಲ್ಲ, ಎದುರುಬದುರು ಗೋಡೆಗಳನ್ನು ಬಿಗಿದ ಸರಳುಗಳ ತುದಿ. ಒಳಗೆ ಎರಕದ ಕಬ್ಬಿಣದ ಕಂಬ ತೊಲೆಗಳ ನಡುವೆ ಇಟ್ಟಿಗೆಯ ಕಿರು ಕಮಾನುಗಳಿದ್ದರೆ, ಅದು ಬೆಂಕಿಗೆ ಹೆದರಿ ಮಾಡಿದ ಕಟ್ಟಣೆ. ಕಬ್ಬಿಣದ ಚೌಕಟ್ಟಿನ ಮೊದಲ ಕಟ್ಟಡ ಎನಿಸಿಕೊಂಡಿರುವುದೂ ಇಂಥದ್ದೇ ಒಂದು ಗಿರಣಿ, ಇಂಗ್ಲೆಂಡಿನ ಶ್ರೂಸ್‌ಬರಿಯಲ್ಲಿ 1797ರಲ್ಲಿ ಕಟ್ಟಿದ ಅಗಸೆನಾರಿನ ಗಿರಣಿ.

ಯಂತ್ರಗಳನ್ನು ಗುಜರಿಗೆ ಹಾಕಿ ಎಷ್ಟೋ ವರ್ಷಗಳಾಗಿರುತ್ತವೆ, ಖಾಲಿ ಕೋಣೆಯಲ್ಲಿ ಏನು ತೆಗೆಯುವುದು ಎಂದು ಕೇಳುತ್ತಾರೆ. ನೆಲ ನೋಡಿ. ಬೋಲ್ಟಿನ ತೂತುಗಳು ಸಾಲಾಗಿ ಇರುತ್ತವೆ, ನಾಲ್ಕು ತೂತಿಗೆ ಒಂದು ಯಂತ್ರದ ಕಾಲು. ಅವುಗಳ ನಡುವೆ ಎಣ್ಣೆ ಸುರಿದು ಕಪ್ಪಾದ ಪಟ್ಟೆ, ಪಟ್ಟೆಯ ಪಕ್ಕದಲ್ಲಿ ಕೆಲಸಗಾರರು ಓಡಾಡಿ ನುಣುಪಾದ ಹಲಗೆ. ಟಾರ್ಚನ್ನು ನೆಲಕ್ಕೆ ತಾಗಿಸಿ ಅಡ್ಡ ಬೆಳಕು ಹಾಯಿಸಿದರೆ ಸವೆದ ದಾರಿ ಸಣ್ಣ ಕಾಲುವೆಯಂತೆ ತೋರುತ್ತದೆ. ಯಂತ್ರ ಎಷ್ಟಿತ್ತು, ಎಷ್ಟು ಒತ್ತೊತ್ತಾಗಿತ್ತು, ಒಬ್ಬರಿಗೆ ನಿಲ್ಲಲು ಎಷ್ಟು ಜಾಗವಿತ್ತು ಎಂಬುದೆಲ್ಲ ಆ ನೆಲದಲ್ಲಿದೆ. ಗುಡಿಸಿದ ಮೇಲೆ, ನೀರು ಹಾಕುವ ಮೊದಲು, ಮೇಲಿನಿಂದ ನೇರ ಕೆಳಕ್ಕೆ ತೆಗೆದ ಚಿತ್ರಗಳನ್ನು ಒಂದಕ್ಕೊಂದು ಮೂರನೇ ಒಂದು ಭಾಗ ಮೇಲೆ ಬೀಳುವಂತೆ ಜೋಡಿಸಿದರೆ ಇಡೀ ಮಹಡಿಯ ನಕ್ಷೆ ಸಿಗುತ್ತದೆ.

ಒಳಗೆ ಹೋಗುವವರಿಗೆ ಅಪಾಯವಿದೆ ಎಂಬ ನಿಮ್ಮ ಅಳುಕು ನ್ಯಾಯವಾದದ್ದು. ಎಣ್ಣೆ ಹೀರಿದ ಹಲಗೆ ಜಾರುತ್ತದೆ, ಸೂರು ಸೋರುವ ಕಡೆ ಕೊಳೆತಿರುತ್ತದೆ. ಪಾರಿವಾಳದ ಹಿಕ್ಕೆಯ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಹಬೆ ಕೊಳವೆಗಳಿಗೆ ಸುತ್ತಿದ ಹಳೆಯ ಹೊದಿಕೆಯಲ್ಲಿ ಕಲ್ನಾರು ಇರಬಹುದು, ಅದನ್ನು ಮುಟ್ಟಲೇಬಾರದು. ಆದ್ದರಿಂದ ಒಬ್ಬರೇ ಹೋಗುವುದು ಬೇಡ, ಸಣ್ಣ ದೂಳನ್ನೂ ತಡೆಯುವ ಎಫ್‌ಎಫ್‌ಪಿ3 ದರ್ಜೆಯ ಮುಖಗವಸು, ಹೆಲ್ಮೆಟ್, ದಪ್ಪ ಅಟ್ಟೆಯ ಬೂಟು ಕಡ್ಡಾಯವಿರಲಿ, ಯಾವ ಮಹಡಿ ಗಟ್ಟಿ ಎಂದು ನಿಮ್ಮ ಎಂಜಿನಿಯರರೇ ಗುರುತು ಹಾಕಿಕೊಡಲಿ. ಅಳುಕಿಗೆ ಉತ್ತರ ಮೇಲ್ವಿಚಾರಣೆ, ಬೀಗವಲ್ಲ. ಬೀಗ ಹಾಕಿದ ಕಡೆ ಹುಡುಗರು ಗೋಡೆ ಹಾರಿ ಹೋಗಿ, ಏನೂ ತಿಳಿಯದೆ ಅದೇ ಹಲಗೆಯ ಮೇಲೆ ಕಾಲಿಡುತ್ತಾರೆ. ಡ್ರೋನ್ ಹಾರಿಸುವುದಾದರೆ ಚಿಮಣಿಯ ತುದಿಯಲ್ಲಿ ಗಿಡುಗದ ಗೂಡು ಇದೆಯೇ ಎಂದು ಮೊದಲು ದುರ್ಬೀನಿನಲ್ಲಿ ನೋಡಬೇಕು, ಇದ್ದರೆ ಮರಿ ಹಾರುವವರೆಗೆ ಕಾಯಬೇಕು.

ಇನ್ನೊಂದು ಮಾತು, ಇದನ್ನು ಬಹುತೇಕ ಎಲ್ಲರೂ ಮರೆಯುತ್ತಾರೆ. ಚಿಮಣಿ ಬರೀ ಹೊಗೆ ಬಿಡುವ ಕೊಳವೆಯಲ್ಲ. ಒಳಗಿನ ಬಿಸಿ ಗಾಳಿ ಹಗುರವಾಗಿ ಮೇಲೇರುವಾಗ ಬಾಯ್ಲರಿನ ಒಲೆಯ ಮೂಲಕ ಹೊಸ ಗಾಳಿಯನ್ನು ಎಳೆಯುತ್ತದೆ. ಚಿಮಣಿ ಎತ್ತರವಾದಷ್ಟೂ ಎಳೆತ ಹೆಚ್ಚು, ಬೆಂಕಿ ಜೋರು. ಬಾಯ್ಲರಿಗೂ ಚಿಮಣಿಗೂ ನಡುವಿನ ಹೊಗೆಗಾಲುವೆ ಸಾಮಾನ್ಯವಾಗಿ ನೆಲದಡಿ ಇರುತ್ತದೆ, ಕಟ್ಟಡ ನಿಂತಿರುವಾಗ ಅದು ಕಾಣುವುದೇ ಇಲ್ಲ. ಅದು ತೆರೆದುಕೊಳ್ಳುವುದು ಕೆಡವುವಾಗ, ಒಂದೆರಡು ದಿನ ಮಾತ್ರ. ಬುಡ ಕತ್ತರಿಸಿದಾಗ ಹೊರಗೋಡೆ, ನಡುವಿನ ಖಾಲಿ ಸಂದು, ಒಳಗಿನ ಬೆಂಕಿ ಇಟ್ಟಿಗೆಯ ಪದರ ಮೂರೂ ಒಟ್ಟಿಗೆ ಕಾಣುವುದೂ ಆಗಲೇ. ಆದ್ದರಿಂದ ದಾಖಲೆ ಕೆಡವುವ ಮುಂಚೆಯೇ ಮುಗಿಯಿತು ಎಂದುಕೊಳ್ಳಬೇಡಿ. ಕೆಡವುವ ದಿನಗಳಲ್ಲೂ, ಯಂತ್ರ ನಿಂತ ಊಟದ ಹೊತ್ತಿನಲ್ಲಿ, ಅರ್ಧ ಗಂಟೆ ಒಳಗೆ ಬಿಡಿ.

ಚಿತ್ರದ ಜೊತೆ ಅಡಿಬರಹ ಇಲ್ಲದಿದ್ದರೆ ಅದು ಇಪ್ಪತ್ತು ವರ್ಷದಲ್ಲಿ ಅನಾಥವಾಗುತ್ತದೆ. ಪ್ರತಿ ಚಿತ್ರಕ್ಕೂ ದಿನಾಂಕ, ಗಂಟೆ, ನಿಂತ ತಾಣ, ನೋಡಿದ ದಿಕ್ಕು, ಲೆನ್ಸ್, ಕ್ಯಾಮೆರಾದ ಎತ್ತರ ಬೇಕು. ನಕ್ಷೆಯ ಮೇಲೆ ಬಾಣದ ಗುರುತು ಮತ್ತು ಚಿತ್ರದ ಸಂಖ್ಯೆಯೂ ಬೇಕು. ಮುಂದೆ ಯಾರಾದರೂ ಅದೇ ತಾಣದಲ್ಲಿ ನಿಂತು ಇನ್ನೊಂದು ಚಿತ್ರ ತೆಗೆದು ಹೋಲಿಸಲು ಇಷ್ಟಾದರೆ ಸಾಕು. ಕಡತಗಳ ಮೂರು ಪ್ರತಿ, ಎರಡು ಬಗೆಯ ಮಾಧ್ಯಮದಲ್ಲಿ, ಒಂದು ಬೇರೆ ಕಟ್ಟಡದಲ್ಲಿ ಇರಲಿ. ಮುಖ್ಯವಾದ ಇಪ್ಪತ್ತು ಮೂವತ್ತು ಚಿತ್ರಗಳು ಆಮ್ಲರಹಿತ ಕಾಗದದ ಮೇಲೂ ಅಚ್ಚಾಗಲಿ. ವಾಟ್ಸಾಪಿನಲ್ಲಿ ಕಳಿಸಿದ ಚಿತ್ರವನ್ನು ದಾಖಲೆಯೆಂದು ಸ್ವೀಕರಿಸಬೇಡಿ, ಅದರಲ್ಲಿ ಚಿತ್ರವೂ ಕುಗ್ಗಿರುತ್ತದೆ, ತೆಗೆದ ಸಮಯ ಮತ್ತು ಸ್ಥಳದ ಮಾಹಿತಿಯೂ ಕಳಚಿ ಹೋಗಿರುತ್ತದೆ.

ನಿಮ್ಮ ಪರವಾನಗಿ ಪತ್ರಕ್ಕೆ ಸೇರಿಸಬಹುದಾದ ಷರತ್ತನ್ನು ಇಲ್ಲೇ ಬರೆದುಕೊಡುತ್ತಿದ್ದೇವೆ, ನಿಮ್ಮ ಕಾನೂನಿಗೆ ಒಗ್ಗುವಂತೆ ತಿದ್ದಿಕೊಳ್ಳಿ: "ಬೇಲಿ ಹಾಕುವ ಕನಿಷ್ಠ 30 ದಿನ ಮೊದಲು ಸಾರ್ವಜನಿಕ ಪ್ರಕಟಣೆ ನೀಡತಕ್ಕದ್ದು. ಆ ಅವಧಿಯಲ್ಲಿ ಛಾಯಾಚಿತ್ರ ದಾಖಲಾತಿಗಾಗಿ ಮೂರು ಪೂರ್ಣ ದಿನ ಒಳಾಂಗಣ ಮತ್ತು ಅಂಗಳಕ್ಕೆ ಮೇಲ್ವಿಚಾರಣೆಯಲ್ಲಿ ಪ್ರವೇಶ ಕೊಡತಕ್ಕದ್ದು. ಚಿಮಣಿಯನ್ನು ಸುತ್ತಲಿನ ಬೀದಿಗಳ ಸಮೇತ ದಾಖಲಿಸುವವರೆಗೆ ಅದರ ಯಾವ ಭಾಗವನ್ನೂ ಇಳಿಸತಕ್ಕದ್ದಲ್ಲ. ಕೆಡವುವಾಗ ತೆರೆದುಕೊಳ್ಳುವ ಹೊಗೆಗಾಲುವೆ ಮತ್ತು ತಳಪಾಯವನ್ನು ಮುಚ್ಚುವ ಮೊದಲು ದಾಖಲಿಸತಕ್ಕದ್ದು. ಚಿತ್ರ, ಅಡಿಬರಹ, ತಾಣಗಳ ನಕ್ಷೆ ಇವನ್ನು ಸಾರ್ವಜನಿಕ ಗ್ರಂಥಾಲಯಕ್ಕೆ ಅಥವಾ ಪತ್ರಾಗಾರಕ್ಕೆ ಒಪ್ಪಿಸಿ, ಸ್ವೀಕೃತಿ ಪತ್ರವನ್ನು ಈ ಕಚೇರಿಗೆ ಸಲ್ಲಿಸತಕ್ಕದ್ದು."

ಇಂತಿ,
ಹಳೆ ಗಿರಣಿ, ಕಾರ್ಖಾನೆಗಳ ಚಿತ್ರ ತೆಗೆಯುವವರು ಮತ್ತು ದಾಖಲಿಸುವವರು